ವೈದ್ಯವಿದ್ಯೆಗೆ ಅಧಿಕಾರಿ ಯಾರು?

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ಅದಕ್ಕೆ ಅಧಿಕಾರಿ ಯಾರು, ಅದರ ವಿಷಯವೇನು, ಪ್ರಯೋಜನವೇನು, ಇವುಗಳೊಳಗಿನ ಸಂಬಂಧವೇನು ಎಂದು ವಿಚಾರಿಸುವುದು ನಮ್ಮ ಪೂರ್ವಿಕರ ಪದ್ಧತಿ. ಶಾಸ್ತ್ರಪಾಠಕ್ಕೆ ಕುಳಿತವರು ಮೊದಲ ದಿನವೇ ಕೇಳುವ ಮಾತು ಇದು. ಆದರೆ ನಮ್ಮ ಮನೆಯ ಮಕ್ಕಳು ಹದಿನೇಳರ ವಯಸ್ಸಿನಲ್ಲಿ, ಇಡೀ ಬಾಳನ್ನೇ ಬೇಡುವ ಒಂದು ವಿದ್ಯೆಗೆ ಅರ್ಜಿ ಹಾಕುವಾಗ ಈ ನಾಲ್ಕರಲ್ಲಿ ಒಂದನ್ನೂ ಅವರಿಗೆ ಯಾರೂ ಕೇಳುವುದಿಲ್ಲ. ಅಂಕ ಎಷ್ಟು, ರ‍್ಯಾಂಕು ಎಷ್ಟು, ಸೀಟು ಯಾವ ಊರಿನಲ್ಲಿ, ಶುಲ್ಕ ಎಷ್ಟು ಎಂಬ ಬೇರೆ ನಾಲ್ಕು ಪ್ರಶ್ನೆಗಳು ಅವುಗಳ ಸ್ಥಾನದಲ್ಲಿ ಬಂದು ಕುಳಿತಿವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮ ಎಷ್ಟೋ ಕುಟುಂಬಗಳಲ್ಲಿ ಹತ್ತನೆಯ ತರಗತಿ ಮುಗಿಯುವ ಹೊತ್ತಿಗೇ ಈ ಚಿಂತೆ ಮನೆಯನ್ನು ಆವರಿಸುತ್ತದೆ. ಹಬ್ಬ-ಹರಿದಿನ, ಊರಿನ ಪ್ರಯಾಣ, ತಂಗಿಯ ಸಂಗೀತಪಾಠ ಎಲ್ಲವೂ ಕೋಚಿಂಗ್ ತರಗತಿಯ ವೇಳಾಪಟ್ಟಿಗೆ ಅಧೀನವಾಗುತ್ತವೆ. ಇಷ್ಟೊಂದು ತ್ಯಾಗವನ್ನು ಅಪೇಕ್ಷಿಸುವ ಕಾರ್ಯದ ಧರ್ಮಾಧರ್ಮಗಳನ್ನು ಸ್ವಲ್ಪ ವಿಮರ್ಶಿಸುವುದು ಉಚಿತವೆಂದು ತೋರುತ್ತದೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಆದ ‘ನೀಟ್’ ಪರೀಕ್ಷೆ 2013ರಲ್ಲಿ ಒಮ್ಮೆ ನಡೆದು, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ನಿಂತು, 2016ರಲ್ಲಿ ಪುನಃ ಜಾರಿಗೆ ಬಂದಿತು. 2017ರಿಂದ ಕನ್ನಡದಲ್ಲಿಯೂ ಅದನ್ನು ಬರೆಯುವ ಅವಕಾಶ ದೊರೆಯಿತು. 2025ರ ಪರೀಕ್ಷೆಯಲ್ಲಿ ಮೂರು ಗಂಟೆಗಳಲ್ಲಿ 180 ಪ್ರಶ್ನೆಗಳು: ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕದ ಕಡಿತ; ಒಟ್ಟು 720. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ಪರೀಕ್ಷೆಗೆ ಕುಳಿತರು. ಆ ವರ್ಷ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪವೇ ಹೆಚ್ಚು. ಅಂದರೆ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಸ್ಥಾನ.

ಬೇಡುವವರು ಇಪ್ಪತ್ತು, ಕೊಡುವುದು ಒಂದು ಎಂದಾಗ ಹಂಚಿಕೆಗೆ ಒಂದು ಅಳತೆಗೋಲು ಬೇಕೇ ಬೇಕು. ಅಂಕಪಟ್ಟಿ ಅಂಥ ಒಂದು ಅಳತೆಗೋಲು. ಅದು ಮುಖ ನೋಡುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಅಮೆರಿಕದಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಪರೀಕ್ಷೆಯ ಅಂಕಗಳೊಂದಿಗೆ ತಾನೇಕೆ ವೈದ್ಯನಾಗಬಯಸುತ್ತೇನೆಂದು ಒಂದು ನಿವೇದನೆಯನ್ನು ಬರೆಯಬೇಕು. ಅನಂತರ ಸಂದರ್ಶನವನ್ನೂ ಎದುರಿಸಬೇಕು. ನಮ್ಮಲ್ಲಿ ಅದಿಲ್ಲ. ಇದು ದೊಡ್ಡ ಲೋಪವೆಂದು ಹೇಳಲಾಗದು. ಸಂದರ್ಶನಕ್ಕೆ ಅಧಿಕಾರ ಕೊಟ್ಟರೆ ಶಿಫಾರಸಿಗೂ ಬಾಗಿಲು ತೆರೆದಂತಾಗುವುದೆಂಬ ಭಯ ನಮ್ಮ ದೇಶದಲ್ಲಿ ನಿರಾಧಾರವಾದುದಲ್ಲ. ಅಲ್ಲದೆ ಬಾಯಿಪಾಠ ಮಾಡಿದ ಕರುಣೆಯನ್ನು ನಿಜವಾದ ಕರುಣೆಯಿಂದ ಬೇರ್ಪಡಿಸುವ ಪರೀಕ್ಷಕರು ಎಲ್ಲಿಯೂ ದುರ್ಲಭರೇ. ಆದರೆ ಅರ್ಜಿಯು ಕೇಳಲಿಲ್ಲವೆಂದ ಮಾತ್ರಕ್ಕೆ ಪ್ರಶ್ನೆಯು ಇಲ್ಲವಾಗುವುದಿಲ್ಲ. ಸರ್ಕಾರವು ಕೇಳಲಾರದೆ ಬಿಟ್ಟುದನ್ನು ಕೇಳುವ ಭಾರ ಮನೆಯ ಮೇಲೆ ಬೀಳುತ್ತದೆ. ಪ್ರಕೃತ ಲೇಖನದ ತಾತ್ಪರ್ಯ ಇಷ್ಟೇ.

ಹಾಗಾದರೆ ಏನನ್ನು ಕೇಳಬೇಕು? ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವೈದ್ಯನಾಗಬಯಸುವವನನ್ನು ‘ಭಿಷಗ್ಬುಭೂಷು’ ಎಂದು ಕರೆದು ಅವನ ಕರ್ತವ್ಯವನ್ನು ಕ್ರಮವಾಗಿ ನಿರೂಪಿಸುತ್ತದೆ. ಗುರುವು ಶಿಷ್ಯನನ್ನು ಪರೀಕ್ಷಿಸುವ ವಿಚಾರ ಅಲ್ಲಿ ಅನಂತರ ಬರುತ್ತದೆ. ಮೊದಲು ಬರುವುದು ಶಿಷ್ಯನಾಗುವವನೇ ಮಾಡಿಕೊಳ್ಳಬೇಕಾದ ಪರೀಕ್ಷೆ. ತಾನು ಕೈಗೊಳ್ಳುವ ಕಾರ್ಯದ ಗುರುಲಾಘವ, ಆ ಕರ್ಮದ ಫಲ, ಅದರ ಅನುಬಂಧ ಅಂದರೆ ಮುಂದಿನ ಪರಿಣಾಮ, ದೇಶ ಮತ್ತು ಕಾಲ, ಈ ಐದನ್ನು ತಿಳಿದುಕೊಂಡು ಅವನು ಶಾಸ್ತ್ರವನ್ನು ಪರೀಕ್ಷಿಸಬೇಕು, ಆಮೇಲೆ ಆಚಾರ್ಯನನ್ನು ಪರೀಕ್ಷಿಸಬೇಕು. ಇದು ಆಯುರ್ವೇದದ ವಿದ್ಯಾರ್ಥಿಗಾಗಿ ಹೇಳಿದ್ದಾದರೂ ನೀಟ್ ಬರೆಯುವವನಿಗೆ ಅಷ್ಟೇ ಒಪ್ಪುತ್ತದೆ. ಈ ಐದನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಕಾರ್ಯದ ಗುರುಲಾಘವ. ಎಂ.ಬಿ.ಬಿ.ಎಸ್. ವ್ಯಾಸಂಗ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ಪು. ಅಲ್ಲಿಗೆ ಓದು ಮುಗಿಯುವುದೂ ವಿರಳ. ಸ್ನಾತಕೋತ್ತರ ಸೀಟಿಗೆ ಇನ್ನೊಂದು ಪ್ರವೇಶಪರೀಕ್ಷೆ ಕಾದಿರುತ್ತದೆ. ಜೊತೆಯವರು ಉದ್ಯೋಗ ಹಿಡಿದು ಮನೆ ಮಾಡಿಕೊಂಡಾಗಲೂ ಇವನು ಪುಸ್ತಕದ ಮುಂದೆಯೇ ಇರುತ್ತಾನೆ. ಮೊದಲ ವರ್ಷವೇ ಶವಚ್ಛೇದದ ಕೋಣೆಗೆ ಹೋಗಬೇಕು. ಮಡಿ-ಮೈಲಿಗೆಯ ಸಂಸ್ಕಾರವುಳ್ಳ ಮನೆಗಳಲ್ಲಿ ಇದರ ಬಗ್ಗೆ ಮುಜುಗರವಿರುವುದು ಸಹಜ. ಆದರೆ ಶರೀರವನ್ನು ಕಣ್ಣಾರೆ ನೋಡದೆ ಶಸ್ತ್ರ ಹಿಡಿಯಬಾರದೆಂಬುದು ಹೊಸ ಮಾತಲ್ಲ. ಶವವನ್ನು ಹರಿಯುವ ನೀರಿನಲ್ಲಿ ಇರಿಸಿ, ಅನಂತರ ಪದರಪದರವಾಗಿ ಪರೀಕ್ಷಿಸುವ ಕ್ರಮವನ್ನು ಸುಶ್ರುತಸಂಹಿತೆಯೇ ವಿಧಿಸುತ್ತದೆ. ಮುಂದೆ ರಾತ್ರಿಪಾಳಿ, ರಕ್ತ, ಮಲಮೂತ್ರ, ರೋಗಿಯ ಬಂಧುಗಳ ಕೋಪ, ಎಷ್ಟು ಮಾಡಿದರೂ ಉಳಿಯದ ಜೀವ ಇವೆಲ್ಲ ದಿನನಿತ್ಯದ ಸಂಗತಿಗಳು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ವೈದ್ಯರನ್ನು ನೋಡಿರುವುದು ಮೇಜಿನ ಆಚೆ ಕುಳಿತು ಚೀಟಿ ಬರೆಯುವಾಗ ಮಾತ್ರ. ಎರಡು ವರ್ಷ ಜೀವಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸಿದ ಹುಡುಗ ಒಂದು ರಾತ್ರಿಯೂ ರೋಗಿಯ ಮಗ್ಗುಲಲ್ಲಿ ಕುಳಿತಿರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನಿದ್ದರೆ ‘ನೀನು ಓದಿಕೋ, ನಾವು ನೋಡಿಕೊಳ್ಳುತ್ತೇವೆ’ ಎಂದು ಅವನನ್ನು ಬಾಗಿಲು ಮುಚ್ಚಿ ಕೂರಿಸುತ್ತೇವೆ. ವೈದ್ಯನಾಗಲೆಂದು ಹುಡುಗನನ್ನು ರೋಗಿಯಿಂದ ದೂರವಿಡುವುದು ಎಂಥ ವಿಪರ್ಯಾಸ! ಅಜ್ಜನ ಬೆನ್ನಿಗೆ ಎಣ್ಣೆ ಹಚ್ಚುವ, ಗುಳಿಗೆ ಕೊಡುವ, ಹೇಳಿದ್ದನ್ನೇ ಹೇಳುವ ಅವರ ಮಾತನ್ನು ತಾಳ್ಮೆಯಿಂದ ಕೇಳುವ ಕೆಲಸವನ್ನು ಆರು ತಿಂಗಳು ಅವನಿಗೆ ವಹಿಸಿದರೆ, ತನಗೆ ಈ ಕಾರ್ಯದಲ್ಲಿ ಮನಸ್ಸುಂಟೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತದೆ.

ಎರಡನೆಯದು ಕರ್ಮದ ಫಲ. ಈ ವಿದ್ಯೆಯಿಂದ ಯಾರಿಗೆ ಏನು ದೊರೆಯಬೇಕೆಂದು ಇವನ ಅಪೇಕ್ಷೆ? ಇಲ್ಲಿ ಮುಂಬಯಿ-ಪುಣೆಯ ವಾಚಕರಿಗೆ ಪರಿಚಿತರಾದ ಆನಂದೀಬಾಯಿ ಜೋಶಿಯವರನ್ನು ಸ್ಮರಿಸುವುದು ಯುಕ್ತ. 1865ರಲ್ಲಿ ಕಲ್ಯಾಣದಲ್ಲಿ ಜನಿಸಿದ ಈಕೆ ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗುವನ್ನು ಹತ್ತು ದಿನಗಳಲ್ಲೇ ಕಳೆದುಕೊಂಡರು. ಸ್ವಜನರ ವಿರೋಧವನ್ನು ಎದುರಿಸಿ 1883ರಲ್ಲಿ ಸಮುದ್ರ ದಾಟಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಬರೆದಾಗ ಅವರಿಗೆ ಹದಿನೆಂಟು ವರ್ಷ. ಆ ಪತ್ರದಲ್ಲಿ ಅವರು ತಮ್ಮ ಉದ್ದೇಶವನ್ನು ನೇರವಾಗಿ ಹೇಳಿದರು: ಪುರುಷವೈದ್ಯರ ಬಳಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲೆಂದು ಕೊರಗುವ ತಮ್ಮ ದೇಶದ ಹೆಂಗಸರಿಗೆ ಚಿಕಿತ್ಸೆ ನೀಡುವುದು. ತಮಗಾಗಿ ಏನನ್ನೂ ಬೇಡದೆ, ತಮ್ಮನ್ನು ಆ ಕೆಲಸಕ್ಕೆ ಯೋಗ್ಯರನ್ನಾಗಿ ಮಾಡಲು ಬೇಕಾದುದನ್ನಷ್ಟೇ ಬೇಡಿದರು. 1886ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿದರು. ಕೊಲ್ಲಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಅವರ ನೇಮಕವೂ ಆಯಿತು. ಆದರೆ ಕ್ಷಯರೋಗದಿಂದ 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಫಲವನ್ನು ಆದಾಯದಿಂದ, ಅನುಭವಿಸಿದ ವರ್ಷಗಳಿಂದ ಅಳೆಯುವುದಾದರೆ ಆ ಅರ್ಜಿ ಸಂಪೂರ್ಣ ವ್ಯರ್ಥವೆನ್ನಬೇಕಾದೀತು. ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಕರ್ಮವು ಫಲಿಸಲು ಕರ್ತೃವಿನ ಕೈಯಲ್ಲಿಲ್ಲದ ಎಷ್ಟೋ ಕಾರಣಗಳು ಕೂಡಿಬರಬೇಕು. ಅವನ ಕೈಯಲ್ಲಿರುವುದು ಸಂಕಲ್ಪದ ಶುದ್ಧಿಯೊಂದೇ.

ಇಲ್ಲಿ ಒಂದು ಶಂಕೆ ಏಳುತ್ತದೆ. ಹದಿನೇಳರ ಮಗುವಿಗೆ ತನ್ನ ಮನಸ್ಸೇ ಸ್ಪಷ್ಟವಿರುವುದಿಲ್ಲ. ಆನಂದೀಬಾಯಿಯಂಥವರು ಎಷ್ಟು ಮಂದಿ? ಗೌರವಕ್ಕಾಗಿ, ಹಣಕ್ಕಾಗಿ, ತಂದೆ-ತಾಯಿಯ ಒತ್ತಾಯಕ್ಕಾಗಿ ಸೇರಿದವರೂ ಒಳ್ಳೆಯ ವೈದ್ಯರಾಗಿದ್ದಾರಲ್ಲವೇ? ನಿಜ, ಆಗಿದ್ದಾರೆ. ಸಂಕಲ್ಪವು ಆರಂಭದಲ್ಲೇ ನಿರ್ಮಲವಾಗಿರಬೇಕೆಂದು ಹೇಳಿದರೆ ಲೋಕದಲ್ಲಿ ಯಾವ ಕೆಲಸವೂ ಆರಂಭವಾಗದು. ಜೀವನೋಪಾಯವನ್ನು ಬಯಸುವುದೂ ತಪ್ಪಲ್ಲ. ಗೃಹಸ್ಥನಿಗೆ ಅದು ಕರ್ತವ್ಯವೇ. ಇಲ್ಲಿ ಕೇಳುವುದು ಎರಡೇ: ಆ ಬಯಕೆಯು ಮಗುವಿನ ಸ್ವಂತದ್ದಾಗಿರಬೇಕು, ಮತ್ತು ಅದು ಏನೆಂದು ಮುಚ್ಚುಮರೆಯಿಲ್ಲದೆ ಹೇಳಲು ಮಗುವಿಗೆ ಮನೆಯಲ್ಲಿ ಅವಕಾಶವಿರಬೇಕು. ‘ನನಗೆ ಹಣ ಬೇಕು’ ಎಂದು ಹೇಳಿದ ಮಗನೊಡನೆ ಮಾತು ಮುಂದುವರಿಸಬಹುದು. ‘ಸೇವೆಗಾಗಿ’ ಎಂದು ಕಲಿತ ಮಾತನ್ನು ಒಪ್ಪಿಸಿ ಒಳಗೆ ಬೇರೇನನ್ನೋ ನುಂಗಿಕೊಂಡ ಮಗನೊಡನೆ ಮಾತೇ ಮುಗಿದುಹೋಗುತ್ತದೆ. ‘ನಮ್ಮ ವಂಶದಲ್ಲಿ ಒಬ್ಬ ಡಾಕ್ಟರಾದರೂ ಇರಲಿ’ ಎಂಬ ಹಿರಿಯರ ಆಸೆ ಆಶೀರ್ವಾದವಾಗಿರುವ ತನಕ ಸುಂದರ. ಅದು ಆಜ್ಞೆಯಾದ ದಿನ ಅರ್ಜಿದಾರನು ತಂದೆಯಾಗುತ್ತಾನೆ, ಓದುವವನು ಮಾತ್ರ ಮಗನಾಗಿ ಉಳಿಯುತ್ತಾನೆ.

ಮೂರನೆಯದು ಅನುಬಂಧ. ಒಂದು ಸೀಟಿನ ಪರಿಣಾಮ ಓದುವವನೊಬ್ಬನಿಗೆ ಸೀಮಿತವಾದುದಲ್ಲ. ಸರ್ಕಾರಿ ಸೀಟು ಸಿಗದಾಗ ಖಾಸಗಿ ಕಾಲೇಜಿನ ಶುಲ್ಕಕ್ಕಾಗಿ ಊರಿನ ಮನೆಯನ್ನು ಮಾರುವ, ನಿವೃತ್ತಿಯ ಹಣವನ್ನು ಮುಗಿಸುವ, ತಂಗಿಯ ಓದಿಗೆಂದು ಇಟ್ಟದ್ದನ್ನು ತೆಗೆಯುವ ಯೋಚನೆ ಬರುತ್ತದೆ. ನಿಯಮಾನುಸಾರ ನಿಗದಿಯಾದ ಶುಲ್ಕವನ್ನು ಶಕ್ತಿಯಿದ್ದವರು ಕೊಡುವುದು ದೋಷವಲ್ಲ. ಆದರೆ ಸಾಲದ ಭಾರ ಹೊತ್ತು ಹೊರಬಂದ ವೈದ್ಯನು ರೋಗಿಯನ್ನು ನೋಡುವಾಗ ಆ ಸಾಲವೂ ಅವನ ಪಕ್ಕದಲ್ಲಿ ಕುಳಿತು ನೋಡುತ್ತದೆ. ಬೇಡದ ಪರೀಕ್ಷೆಯನ್ನು ಬರೆಸುವಂತೆ ಕಿವಿಯಲ್ಲಿ ಹೇಳುವುದು ಅದೇ. ತಂಗಿಯ ಭಾಗವನ್ನು ಅವಳ ಒಪ್ಪಿಗೆಯಿಲ್ಲದೆ ವ್ಯಯಿಸಿದರೆ ಅದು ಮನೆಯೊಳಗೇ ನಡೆದ ಅನ್ಯಾಯ. ಅಣ್ಣನು ಎಷ್ಟು ದೊಡ್ಡ ವೈದ್ಯನಾದರೂ ಅದಕ್ಕೆ ಚಿಕಿತ್ಸೆಯಿಲ್ಲ.

ಇನ್ನು ಕಳ್ಳದಾರಿಯ ಮಾತು. ಕರ್ನಾಟಕ ರಾಜ್ಯವು ಕ್ಯಾಪಿಟೇಶನ್ ಶುಲ್ಕವನ್ನು 1984ರಲ್ಲೇ ಕಾನೂನಿನಿಂದ ನಿಷೇಧಿಸಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಖಂಡಿಸಿತು. ಅನಂತರ ದಾರಿಗಳು ಹೆಸರು ಬದಲಿಸಿದವು. ಖಾಸಗಿ ಕಾಲೇಜುಗಳಲ್ಲಿ ಶೇಕಡಾ 15ರವರೆಗೆ ಅನಿವಾಸಿ ಭಾರತೀಯರಿಗೆ ಸೀಟು ಇಡಬಹುದೆಂದು 2005ರಲ್ಲಿ ತೀರ್ಪಾಯಿತು. ವಿದೇಶದಲ್ಲಿ ಬಂಧುಗಳಿರುವ ನಮ್ಮಂಥ ಕುಟುಂಬಗಳಿಗೆ ಇಲ್ಲಿ ಪ್ರಲೋಭನೆ ಹೆಚ್ಚು. ಎಂದೂ ಮುಖ ನೋಡದ ದೂರದ ಚಿಕ್ಕಪ್ಪನೊಬ್ಬ ಅರ್ಜಿಯ ವೇಳೆಗೆ ಪೋಷಕನಾಗಿ ಪ್ರತ್ಯಕ್ಷನಾಗುತ್ತಾನೆ. ಪಂಜಾಬ್ ಸರ್ಕಾರವು ಈ ಕೋಟಾವನ್ನು ದೂರದ ಬಂಧುಗಳಿಗೂ ವಿಸ್ತರಿಸಿದಾಗ 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ವಂಚನೆಯೆಂದೇ ಕರೆದು ನಿಲ್ಲಿಸಿತು. ನ್ಯಾಯಾಲಯ ಹೇಳುವ ಮೊದಲೇ ನಮ್ಮ ಅಂತರಂಗಕ್ಕೆ ಅದು ತಿಳಿದಿರಬೇಕಿತ್ತಲ್ಲವೇ?

ನಾಲ್ಕನೆಯದು ದೇಶ. ಪರಸ್ಥಳದಲ್ಲಿರುವ ನಮಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ. ರಾಜ್ಯಗಳ ಸರ್ಕಾರಿ ಕಾಲೇಜುಗಳಲ್ಲಿ ಶೇಕಡಾ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ. ಉಳಿದ 85 ಆಯಾ ರಾಜ್ಯದವರಿಗೆ. ರಾಜ್ಯದವರು ಯಾರೆಂಬುದಕ್ಕೆ ಒಂದೊಂದು ಕಡೆ ಒಂದೊಂದು ನಿಯಮ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಏಳು ವರ್ಷ ಅಲ್ಲಿ ಓದಿರಬೇಕು. ಮಹಾರಾಷ್ಟ್ರದಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಅಲ್ಲಿಯೇ ಪಾಸಾಗಿರಬೇಕು. ದೆಹಲಿಯಲ್ಲಿ ಹನ್ನೊಂದು, ಹನ್ನೆರಡನ್ನು ಅಲ್ಲಿಯೇ ಓದಿರಬೇಕು. ವಿನಾಯಿತಿಗಳು ಕೆಲವುಂಟು. ಆದರೂ ಹತ್ತನ್ನು ಚೆನ್ನೈನಲ್ಲಿ, ಹನ್ನೆರಡನ್ನು ಪುಣೆಯಲ್ಲಿ ಮುಗಿಸಿದ ಮಗುವಿಗೆ ಯಾವ ರಾಜ್ಯವೂ ತನ್ನದಾಗದೆ ಹೋಗುವ ಸಂಭವವುಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ದೇವರು ಉಡುಪಿಯಲ್ಲಿ, ಪಡಿತರ ಚೀಟಿ ಡೊಂಬಿವಲಿಯಲ್ಲಿ. ನಾವು ಎಲ್ಲಿಯವರೆಂಬ ಪ್ರಶ್ನೆ ನಮಗೆ ಬೇರೆಲ್ಲ ಕಡೆ ಭಾವನೆಯ ವಿಷಯ, ಈ ಅರ್ಜಿಯಲ್ಲಿ ಮಾತ್ರ ಪ್ರಮಾಣಪತ್ರದ ವಿಷಯ.

ಈ ಕಷ್ಟ ನಿಜವಾದದ್ದು, ಕೆಲವೊಮ್ಮೆ ಅನ್ಯಾಯವೂ ಹೌದು. ಆದರೆ ಅದರಿಂದ ಪಾರಾಗಲು ಊರಿನ ಶಾಲೆಯೊಂದರಿಂದ ಓದದ ವರ್ಷಗಳ ಪ್ರಮಾಣಪತ್ರವನ್ನು ತರುವುದು, ಎರಡು ರಾಜ್ಯಗಳಲ್ಲಿ ಎರಡು ನಿವಾಸಗಳನ್ನು ತೋರಿಸುವುದು ಸಲ್ಲದು. ‘ಎಲ್ಲರೂ ಮಾಡುತ್ತಾರೆ, ಯಾರಿಗೆ ಏನು ನಷ್ಟ?’ ಎಂದು ಕೇಳುವವರುಂಟು. ನಷ್ಟವಾಗುವವನು ಇದ್ದಾನೆ, ಅವನ ಮುಖ ನಮಗೆ ಕಾಣದು, ಅಷ್ಟೇ. ಸೀಟುಗಳು ಎಣಿಸಿದಷ್ಟೇ ಇರುವುದರಿಂದ ಸುಳ್ಳಿನಿಂದ ಪಡೆದ ಒಂದು ಸೀಟು ಪಟ್ಟಿಯಲ್ಲಿ ಕೆಳಗಿದ್ದ, ಸತ್ಯ ಹೇಳಿದ ಒಂದು ಮಗುವಿನಿಂದ ಕಿತ್ತುಕೊಂಡದ್ದೇ ಆಗಿರುತ್ತದೆ. ಇನ್ನೊಂದು ಮಾತು. ವೈದ್ಯನ ಜೀವನವೆಲ್ಲ ಸಹಿಯ ಮೇಲೆ ನಿಂತಿದೆ. ಇವನಿಗೆ ಈ ರೋಗವಿದೆ, ಈ ಮದ್ದು ಕೊಡಿ, ಈಕೆ ಇಷ್ಟು ಗಂಟೆಗೆ ತೀರಿಕೊಂಡಳು ಎಂದು ಅವನು ಬರೆದು ಸಹಿ ಹಾಕಿದರೆ ಲೋಕ ಮರುಪ್ರಶ್ನೆಯಿಲ್ಲದೆ ನಂಬುತ್ತದೆ. ಆ ಮಾರ್ಗದಲ್ಲಿ ಅವನು ಹಾಕುವ ಮೊದಲ ಸಹಿ ‘ಮೇಲಿನ ವಿವರಗಳು ಸತ್ಯ’ ಎಂಬ ಅರ್ಜಿಯ ಕೊನೆಯ ಸಾಲಿನ ಕೆಳಗೆ ಇರುತ್ತದೆ. ಅದರ ಪಕ್ಕದಲ್ಲಿ ತಂದೆಯ ಸಹಿ. ತಂದೆಯೇ ಕಲಿಸಿದ ಸುಳ್ಳಿನಿಂದ ಆರಂಭವಾದ ವಿದ್ಯೆಯು ಮುಂದೆ ಎಲ್ಲಿ ಸತ್ಯವನ್ನು ಕಲಿಯಬೇಕು? ವೈದ್ಯಕೀಯ ಶಿಕ್ಷಣಕ್ಕೆ ಸೇರುವಾಗ ಚರಕಶಪಥವನ್ನು ಸ್ವೀಕರಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸಲಹೆ ಮಾಡಿತು. ಶಪಥಕ್ಕೆ ಮೊದಲೇ ಸತ್ಯವು ಮುರಿದಿದ್ದರೆ ಶಪಥದ ಮಾತು ಬರಿಯ ಉಚ್ಚಾರಣೆಯಾಗುತ್ತದೆ.

ಐದನೆಯದು ಕಾಲ. ಮೊದಲ ಸಲ ರ‍್ಯಾಂಕು ಬಾರದಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ಬರೆಯುವ, ಅದೂ ಆಗದಿದ್ದರೆ ಇನ್ನೊಂದು ವರ್ಷ ಕಾಯುವ ಪದ್ಧತಿ ವ್ಯಾಪಕವಾಗಿದೆ. ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು; ಆದ್ದರಿಂದ ಸಾಕೆಂದು ಹೇಳುವ ನಿಯಮ ಹೊರಗಿಲ್ಲ, ಮನೆಯೇ ಹೇಳಬೇಕು. ಪುನಃಪ್ರಯತ್ನವು ಶ್ಲಾಘ್ಯವೇ. ಆದರೆ ಅದು ಮಗುವಿನ ಉತ್ಸಾಹದಿಂದ ನಡೆಯುತ್ತಿದೆಯೋ, ನೆಂಟರಿಗೆ ಏನು ಹೇಳುವುದೆಂಬ ನಮ್ಮ ಸಂಕೋಚದಿಂದಲೋ ಎಂಬುದನ್ನು ನೋಡಬೇಕು. ರಾಜಸ್ಥಾನದ ಕೋಟಾ ಪಟ್ಟಣದಲ್ಲಿ ಕೋಚಿಂಗಿಗೆಂದು ಹೋದ ಮಕ್ಕಳು ಪ್ರಾಣ ಕಳೆದುಕೊಂಡ ವಾರ್ತೆಗಳನ್ನು ನಾವು ಓದಿದ್ದೇವೆ. ಜೀವ ಉಳಿಸುವ ವಿದ್ಯೆಯ ಬಾಗಿಲಲ್ಲಿ ಜೀವ ಹೋಗುವುದಾದರೆ, ಆ ಬಾಗಿಲಿನ ತನಕ ಮಗುವನ್ನು ನೂಕಿದವರ ಹೊಣೆ ಸಣ್ಣದಲ್ಲ. ‘ಸೀಟು ಬರದಿದ್ದರೂ ನೀನು ನಮಗೆ ಇಷ್ಟೇ ಬೇಕಾದವನು’ ಎಂಬ ಮಾತನ್ನು ಫಲಿತಾಂಶದ ದಿನ ಸಮಾಧಾನಕ್ಕಾಗಿ ಹೇಳಿದರೆ ಮಗು ನಂಬುವುದಿಲ್ಲ. ಅರ್ಜಿ ತುಂಬುವ ದಿನವೇ ಹೇಳಿದ್ದರೆ ನಂಬುತ್ತದೆ.

ಕೊನೆಯದಾಗಿ ಒಂದು ಪೂರ್ವಪಕ್ಷ. ಜೀವರಲ್ಲಿ ತಾರತಮ್ಯವುಂಟು, ಸ್ವರೂಪಯೋಗ್ಯತೆಯು ಅನಾದಿಯಾದುದು ಎಂಬುದು ನಮ್ಮ ಸಿದ್ಧಾಂತ. ಹೀಗಿರಲು ರ‍್ಯಾಂಕು ಬಂದವನು ಯೋಗ್ಯ, ಬಾರದವನು ಅಯೋಗ್ಯ ಎಂದು ಹೇಳಿದರೆ ಏನು ಬಾಧೆ? ದೊಡ್ಡ ಬಾಧೆಯಿದೆ. ಸ್ವರೂಪಯೋಗ್ಯತೆಯನ್ನು ಸಂಪೂರ್ಣವಾಗಿ ಬಲ್ಲವನು ಭಗವಂತನೊಬ್ಬನೇ. ಅದು ಸಾಧನೆಯಿಂದ ಅಭಿವ್ಯಕ್ತವಾಗುವಂಥದು, ಮೂರು ಗಂಟೆಗಳ ಪ್ರಶ್ನೆಪತ್ರಿಕೆಯಿಂದ ಅಳೆಯುವಂಥದಲ್ಲ. ರ‍್ಯಾಂಕು ಸೀಟನ್ನು ಯಾರಿಗೆ ಕೊಡಬೇಕೆಂದು ಹೇಳಬಲ್ಲದು. ಜೀವನ ಬೆಲೆಯನ್ನು ಹೇಳಲಾರದು. ಆಯುರ್ವೇದದಲ್ಲಿ ‘ಯೋಗ್ಯಾ’ ಎಂಬ ಪದಕ್ಕೆ ಅಭ್ಯಾಸವೆಂಬ ಅರ್ಥವಿರುವುದು ಇಲ್ಲಿ ಗಮನಾರ್ಹ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅದೇ ಹೆಸರಿನ ಅಧ್ಯಾಯವೊಂದಿದೆ: ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನೂ ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನು, ತಾವರೆಯ ದಂಟಿನ ಮೇಲೆ ನಾಳವನ್ನು ಚುಚ್ಚುವುದನ್ನು ಮಾಡಿ ಮಾಡಿ ಕೈಪಳಗಿಸಿಕೊಳ್ಳಬೇಕು; ಅಲ್ಲಿಯ ತನಕ ಅವನು ಕರ್ಮಕ್ಕೆ ಅರ್ಹನಲ್ಲ. ಓದಿನಲ್ಲಿ ಮೇಲಾದವನೂ ಕುಂಬಳಕಾಯಿಯ ಮುಂದೆ ಹೊಸಬನೇ.

ಆದುದರಿಂದ ಸಿದ್ಧವಾದುದೇನೆಂದರೆ, ತಾನು ಹೊರಬೇಕಾದ ಭಾರವನ್ನು ತಿಳಿದವನು, ಫಲವನ್ನು ತನ್ನೊಬ್ಬನಿಗಾಗಿ ಮಾತ್ರ ಬಯಸದವನು, ಇತರರ ಪಾಲನ್ನು ಕಸಿಯದವನು, ತನ್ನ ಸ್ಥಳವನ್ನು ಕುರಿತು ಸುಳ್ಳು ಹೇಳದವನು, ದೊರೆಯದಿದ್ದರೆ ಕಾಲವನ್ನರಿತು ಬೇರೆ ದಾರಿಯಲ್ಲಿ ನಡೆಯಬಲ್ಲವನು ವೈದ್ಯವಿದ್ಯೆಗೆ ಅಧಿಕಾರಿ. ಇಂಥವನಿಗೆ ಸೀಟು ಸಿಕ್ಕೀತು, ಸಿಗದಿದ್ದೀತು. ಸಿಗದಿದ್ದರೂ ರೋಗಿಗಳ ಸೇವೆಗೆ ಶುಶ್ರೂಷೆ, ಔಷಧಶಾಸ್ತ್ರ, ಅಂಗಮರ್ದನ ಚಿಕಿತ್ಸೆ, ಪ್ರಯೋಗಾಲಯದ ಕೆಲಸ ಮುಂತಾದ ಹತ್ತು ದಾರಿಗಳು ತೆರೆದಿವೆ. ಬಿಳಿಯ ಕೋಟಿನ ಮೇಲೆ ಮಾತ್ರ ಕಣ್ಣಿಟ್ಟವನಿಗೆ ಅವು ಸೋಲಿನಂತೆ ಕಾಣುತ್ತವೆ, ರೋಗಿಯ ಮೇಲೆ ಕಣ್ಣಿಟ್ಟವನಿಗೆ ಅವೂ ಚಿಕಿತ್ಸೆಯ ಅಂಗಗಳಾಗಿಯೇ ಕಾಣುತ್ತವೆ.

ಈ ವರ್ಷ ಮಕ್ಕಳನ್ನು ಪರೀಕ್ಷೆಗೆ ಸಿದ್ಧಪಡಿಸುತ್ತಿರುವ ತಂದೆ-ತಾಯಿಯರಲ್ಲಿ ಒಂದೇ ಪ್ರಾರ್ಥನೆ. ಅರ್ಜಿ ತುಂಬುವ ಮೊದಲು ಒಂದು ಸಂಜೆ ಪುಸ್ತಕಗಳನ್ನು ಬದಿಗಿರಿಸಿ, ಮಗುವನ್ನು ಹತ್ತಿರ ಕೂರಿಸಿಕೊಂಡು, ‘ನಿನಗೆ ಇದು ಬೇಕೇ? ಏಕೆ ಬೇಕು?’ ಎಂದು ಕೇಳಿರಿ. ಉತ್ತರ ಏನೇ ಬರಲಿ, ಅದನ್ನು ಕೊನೆಯ ತನಕ ಕೇಳಿರಿ. ಆ ಪ್ರಶ್ನೆಗೆ ‘ಬೇಡ’ ಎಂಬ ಉತ್ತರವನ್ನೂ ಒಪ್ಪಿಕೊಳ್ಳುವ ಮನಸ್ಸು ನಿಮ್ಮಲ್ಲಿದ್ದರೆ ಮಾತ್ರ ಅದು ನಿಜವಾದ ಪ್ರಶ್ನೆ.